ಬಣ್ಣದ ಹಿಂದಿನ ಮುಖ: ಶರಾಕು ಬರೆದ ಕಬುಕಿ ನಟರು

(ಚಿತ್ರಕಲೆಯಲ್ಲಿ ಆಸಕ್ತಿ ಇರುವ ಗೆಳೆಯರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳಿವು. ಅಲ್ಲಿ ಪರದೆಯ ಮೇಲೆ ಚಿತ್ರ ತೋರಿಸುತ್ತಾ ಮಾತಾಡಿದ್ದೆ. ಇಲ್ಲಿ ಚಿತ್ರಗಳಿಲ್ಲ. ಹಾಗಾಗಿ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಮಾತು ಶುರುವಾಗುವ ಮೊದಲು ಪರದೆಯ ಮೇಲಿನ ಈ ಮುಖವನ್ನು ಒಂದು ನಿಮಿಷ ಸುಮ್ನೆ ನೋಡಿ. ಮೇಲಕ್ಕೆ ಎಳೆದ ಹುಬ್ಬು. ಮೂಗಿನ ಕಡೆಗೆ ಸರಿದ ಸಣ್ಣ ಕಣ್ಣುಗುಡ್ಡೆ. ಕೊಕ್ಕಿನಂಥ ಮೂಗು. ಬಿಗಿಯಾಗಿ ಮುಚ್ಚಿ ಕೆಳಕ್ಕೆ ಬಾಗಿದ ಬಾಯಿ. ಕುತ್ತಿಗೆ ಮುಂದಕ್ಕೆ ಚಾಚಿದೆ. ಬಟ್ಟೆಯ ಮಡಿಕೆಯೊಳಗಿಂದ ಎರಡು ಕೈಗಳು ಬೆರಳು ಅಗಲಿಸಿಕೊಂಡು ಹೊರಗೆ ಬಂದಿವೆ. ಹಿಂದೆ ಏನೂ ಇಲ್ಲ. ಮನೆಯಿಲ್ಲ, ಮರವಿಲ್ಲ, ಬರೀ ಕಡು ಬೂದು ಬಣ್ಣದ ಮಿನುಗು.

ನಿಮ್ಮಲ್ಲಿ ಹಲವರು ಈ ಮುಖವನ್ನು ಎಲ್ಲೋ ನೋಡಿರುತ್ತೀರಿ. ಜಪಾನ್ ಅಂದ ಕೂಡಲೇ ಪೋಸ್ಟ್‌ಕಾರ್ಡು, ಟೀ ಶರ್ಟು, ಪುಸ್ತಕದ ರಕ್ಷಾಪುಟ ಎಲ್ಲದರ ಮೇಲೂ ಈತ ಹಾಜರಾಗುತ್ತಾನೆ. ಆದರೆ ಇವನು ಯಾರು?

ಇದಕ್ಕೆ ಎರಡು ಉತ್ತರಗಳಿವೆ. ಇವನು ಎದೊಬೆಯಿ. ದುಡ್ಡಿಗಾಗಿ ಕೆಟ್ಟ ಕೆಲಸಕ್ಕೆ ಇಳಿದ ಒಬ್ಬ ಆಳು. ಇಪ್ಪೆಯಿ ಎನ್ನುವ ಇನ್ನೊಬ್ಬ ಆಳಿನ ಹತ್ತಿರ ಇರುವ ಹಣ ಕಸಿಯಲು ಮುನ್ನುಗ್ಗುತ್ತಿದ್ದಾನೆ. ಹಾಗೆಯೇ ಇವನು ಮೂರನೆಯ ಒತಾನಿ ಒನಿಜಿ, ಅಂದರೆ ಆ ರಂಗದ ಹೆಸರು ಹೊತ್ತ ಮೂರನೆಯವನು. ಕಳ್ಳರ, ಕೇಡಿಗರ ಪಾತ್ರಕ್ಕೆ ಹೆಸರಾದ ಕಬುಕಿ ನಟ. ಕಬುಕಿ ಅಂದರೆ ಜಪಾನಿನ ಜನಪ್ರಿಯ ನಾಟಕ ಪ್ರಕಾರ. 1794ರ ಐದನೇ ತಿಂಗಳಲ್ಲಿ ಎದೊ ನಗರದ, ಅಂದರೆ ಇವತ್ತಿನ ಟೋಕಿಯೋದ, ಕವರಾಜಾಕಿ ರಂಗಮಂದಿರದಲ್ಲಿ ಈ ನಾಟಕ ನಡೆಯಿತು. ಚಿತ್ರ ಬರೆದವನ ಹೆಸರು ತೋಶೂಸಾಯ್ ಶರಾಕು. ಆ ತಿಂಗಳಿಗೆ ಮೊದಲು ಈ ಹೆಸರನ್ನು ಯಾರೂ ಕೇಳಿರಲಿಲ್ಲ. ಸುಮಾರು ಹತ್ತು ತಿಂಗಳಲ್ಲಿ 140ಕ್ಕೂ ಹೆಚ್ಚು ಮರದಚ್ಚಿನ ಚಿತ್ರಗಳನ್ನು ಕೊಟ್ಟು, 1795ರ ಮೊದಲ ತಿಂಗಳ ಹೊತ್ತಿಗೆ ಆತ ಕಾಣೆಯಾದ.

ಎದೊಬೆಯಿ ಮತ್ತು ಒನಿಜಿ, ಪಾತ್ರ ಮತ್ತು ಮನುಷ್ಯ, ಇಬ್ಬರೂ ಒಂದೇ ಮುಖದಲ್ಲಿ ಕಾಣುವ ಹಾಗೆ ಬರೆದವನು ಶರಾಕು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ. ಅವನ ಚಿತ್ರ ಇಂದಿಗೂ ನಮ್ಮನ್ನು ಹಿಡಿದು ನಿಲ್ಲಿಸುವುದು ಇದರಿಂದ. ಅವನ ಕಾಲದ ಜನ ಅವನಿಂದ ದೂರ ಸರಿದದ್ದೂ ಇದರಿಂದಲೇ ಅಂತ ನನಗೆ ಅನ್ನಿಸುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಕಬುಕಿ ಶುರುವಾಗಿದ್ದು ಒಬ್ಬ ಹೆಂಗಸಿನಿಂದ. 1603ರ ಸುಮಾರಿಗೆ ಇಜುಮೊದ ಒಕುನಿ ಎಂಬಾಕೆ ಕ್ಯೋಟೋದಲ್ಲಿ ಕುಣಿದಾಗ ಊರೇ ಸೇರಿತಂತೆ. 1629ರಲ್ಲಿ ಸರ್ಕಾರ ಹೆಂಗಸರು ರಂಗ ಹತ್ತುವುದನ್ನೇ ನಿಷೇಧಿಸಿತು. ಎಳೆಯ ಹುಡುಗರ ತಂಡಗಳು ಬಂದವು. 1652ರಲ್ಲಿ ಅವೂ ನಿಂತವು. ಉಳಿದದ್ದು ಬೆಳೆದ ಗಂಡಸರು ಮಾತ್ರ. ಹೀಗೆ ಹೆಣ್ಣಿನ ಪಾತ್ರವನ್ನೇ ಬದುಕಿನ ಕಸುಬು ಮಾಡಿಕೊಂಡ ಗಂಡಸರು ಬಂದರು. ಅವರಿಗೆ ಒನ್ನಗತ ಎನ್ನುತ್ತಾರೆ. ಸ್ತ್ರೀವೇಷ ನೋಡಿ ಬೆಳೆದ ನಮಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ ಅಲ್ವಾ?

ಕಾಗದದ ಮೇಲೆ ಈ ನಟರ ಸ್ಥಾನ ತುಂಬಾ ಕೆಳಗಿತ್ತು. ನದಿಯ ದಂಡೆಯ ಜನ ಅಂತ ಅವರನ್ನು ಕರೆಯುತ್ತಿದ್ದರು. ಆದರೆ ಊರಿನ ಕಣ್ಣಿನಲ್ಲಿ ಅವರು ರಾಜರು. ದೊಡ್ಡ ನಟರಿಗೆ ವರ್ಷಕ್ಕೆ ಸಾವಿರ ಚಿನ್ನದ ನಾಣ್ಯದ ನಟ ಎಂಬ ಬಿರುದಿತ್ತು. ಅವರು ಉಟ್ಟ ಬಣ್ಣ, ಕಟ್ಟಿದ ತಲೆಪಟ್ಟಿ ಮರುವಾರ ಬೀದಿಯಲ್ಲಿ ಕಾಣುತ್ತಿತ್ತು. ನಟ ಒಂದು ಗಳಿಗೆಯಲ್ಲಿ ಮೈಯೆಲ್ಲ ಬಿಗಿಹಿಡಿದು, ಕಣ್ಣು ಓರೆ ಮಾಡಿ ಕಲ್ಲಿನಂತೆ ನಿಲ್ಲುತ್ತಾನೆ. ಅದಕ್ಕೆ ಮಿಎ ಅಂತ ಹೆಸರು. ಆಗ ಪ್ರೇಕ್ಷಕರ ನಡುವಿನಿಂದ ಯಾರೋ ಅವನ ಮನೆತನದ ಹೆಸರು ಕೂಗುತ್ತಾರೆ. ಇಚಿಕಾವ ದಂಜೂರೊ ಆದರೆ "ನರಿತಾಯ!" ಅಂತ. ಇವತ್ತಿಗೂ ಕೂಗುತ್ತಾರೆ.

ಇಂಥ ನಟನ ಚಿತ್ರವನ್ನು ಮನೆಗೆ ಒಯ್ಯಬೇಕು ಅನ್ನಿಸುವುದು ಸಹಜ. ನಟರ ಚಿತ್ರಕ್ಕೆ ಯಕುಶಾ-ಎ ಎನ್ನುತ್ತಾರೆ. ಯಕುಶಾ ಅಂದರೆ ನಟ, ಎ ಅಂದರೆ ಚಿತ್ರ. ಮೊದಲಿಗೆ ಈ ಕೆಲಸ ಹಿಡಿದವರು ತೋರಿಯಿ ಮನೆತನದವರು. ರಂಗಮಂದಿರದ ಮುಂದೆ ನಿಲ್ಲಿಸುವ ದೊಡ್ಡ ಹಲಗೆಗಳ ಮೇಲೆ ಚಿತ್ರ ಬರೆಯುವುದು ಅವರ ಕಸುಬು. ಅವರ ಶೈಲಿಗೆ ಜನ ಇಟ್ಟ ಹೆಸರೇ ಚೆನ್ನಾಗಿದೆ: ಸೋರೆಬುರುಡೆ ಕಾಲು, ಎರೆಹುಳು ಗೆರೆ. ಮೀನಖಂಡ ಬುರುಡೆಯಂತೆ ಉಬ್ಬಿರುತ್ತದೆ, ಗೆರೆ ಹುಳುವಿನಂತೆ ದಪ್ಪ ಸಣ್ಣ ಆಗುತ್ತಾ ಹರಿಯುತ್ತದೆ. ಕಸುವು ಬೇಕಾದಷ್ಟಿದೆ. ಆದರೆ ಮುಖಗಳೆಲ್ಲ ಒಂದೇ. ನಟ ಯಾರು ಅಂತ ತಿಳಿಯಲು ತೋಳಿನ ಮೇಲಿನ ಮನೆತನದ ಗುರುತನ್ನು ನೋಡಬೇಕು.

ಮುಖ ಬಂದದ್ದು 1760ರ ದಶಕದಲ್ಲಿ. ಕತ್ಸುಕಾವ ಶುನ್‌ಶೋ ಎಂಬವನು ಒಬ್ಬೊಬ್ಬ ನಟನ ಮೂಗು, ದವಡೆ, ಕಣ್ಣಿನ ಓರೆಯನ್ನು ಬೇರೆ ಬೇರೆಯಾಗಿ ಗುರುತಿಸಿ ಬರೆದ. ಹೂಜಿಯ ಆಕಾರದ ಮುದ್ರೆ ಒತ್ತುತ್ತಿದ್ದ ಕಾರಣ ಅವನಿಗೆ ಹೂಜಿ ಅಂತಲೇ ಅಡ್ಡಹೆಸರು. ಅವನ ಶಿಷ್ಯ ಶುನ್‌ಕೋಗೆ ಮರಿಹೂಜಿ. ಇನ್ನೊಬ್ಬ ಶಿಷ್ಯ ಮುಂದೆ ಹೊಕುಸಾಯ್ ಅಂತ ಜಗತ್ತಿಗೇ ಗೊತ್ತಾದ. 1770ರಲ್ಲಿ ಶುನ್‌ಶೋ ಮತ್ತು ಬುಂಚೋ ಎಂಬ ಇನ್ನೊಬ್ಬ ಚಿತ್ರಕಾರ ಸೇರಿ ಬೀಸಣಿಗೆಯ ಚೌಕಟ್ಟಿನೊಳಗೆ ನಟರ ಮುಖಗಳನ್ನಿಟ್ಟು ಒಂದು ಪುಸ್ತಕ ಮಾಡಿದರು. ಶುನ್‌ಕೋ ಮುಂದೆ ತಲೆ ಮತ್ತು ಹೆಗಲನ್ನಷ್ಟೇ ದೊಡ್ಡದಾಗಿ ಬರೆಯುವ ದಾರಿ ತೆರೆದ. ಶರಾಕು ಬರುವ ಹೊತ್ತಿಗೆ ಈ ದಾರಿ ಸಿದ್ಧವಾಗಿತ್ತು.

ಈಗ ಅಚ್ಚಿನ ಕೆಲಸಕ್ಕೆ ಬರುತ್ತೇನೆ. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಯಾಕೆಂದರೆ ನಾವು ಶರಾಕುವಿನ ಚಿತ್ರ ಅನ್ನುತ್ತೇವೆ. ಆದರೆ ನೀವು ನೋಡುತ್ತಿರುವ ಕಾಗದವನ್ನು ಶರಾಕು ಮುಟ್ಟಿಯೇ ಇರಲಿಕ್ಕಿಲ್ಲ.

ಚಿತ್ರಕಾರ ತೆಳು ಕಾಗದದ ಮೇಲೆ ಕಪ್ಪು ಗೆರೆಯಲ್ಲಿ ಚಿತ್ರ ಬರೆದುಕೊಡುತ್ತಾನೆ. ಕೆತ್ತುವವನು ಅದನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸುತ್ತಾನೆ. ಕಾಗದದ ಹಿಂಪದರವನ್ನು ಬೆರಳಿನಿಂದ ಉಜ್ಜಿ ಉಜ್ಜಿ ತೆಗೆದರೆ ಗೆರೆಗಳು ತಿರುಗುಮುರುಗಾಗಿ ಎದ್ದು ಕಾಣುತ್ತವೆ. ಆಮೇಲೆ ಗೆರೆಯ ಎರಡೂ ಬದಿಯ ಮರವನ್ನು ಕೊರೆದು, ಗೆರೆಯನ್ನಷ್ಟೇ ಎತ್ತರದಲ್ಲಿ ಉಳಿಸುತ್ತಾನೆ. ಇಲ್ಲಿಗೆ ಚಿತ್ರಕಾರನ ಕೈಬರಹ ಹಾಳಾಗಿ ಹೋಗಿರುತ್ತದೆ. ಅದು ಮರದ ಪುಡಿಯ ಜೊತೆ ಹೋಯಿತು. ಬಣ್ಣ ಒಂದಕ್ಕೆ ಒಂದರಂತೆ ಬೇರೆ ಅಚ್ಚು ಬೇಕು. ಎಲ್ಲ ಅಚ್ಚಿನ ಮೂಲೆಯಲ್ಲೂ ಕೆಂತೊ ಎಂಬ ಸಣ್ಣ ಕಚ್ಚು ಇರುತ್ತದೆ. ಕಾಗದದ ಮೂಲೆಯನ್ನು ಆ ಕಚ್ಚಿಗೆ ಸರಿಯಾಗಿ ಕೂರಿಸಿದರೆ ಕೆಂಪು ಕೆಂಪಿನ ಜಾಗದಲ್ಲಿ, ಹಸಿರು ಹಸಿರಿನ ಜಾಗದಲ್ಲಿ ಬೀಳುತ್ತದೆ. ಕೂದಲೆಳೆಯಷ್ಟು ಸರಿದರೂ ತುಟಿಯ ಬಣ್ಣ ಗಲ್ಲಕ್ಕೆ ಬರುತ್ತದೆ.

ಅಚ್ಚು ಹಾಕುವುದಕ್ಕೆ ಯಂತ್ರ ಇಲ್ಲ. ಹಲಗೆಗೆ ಬಣ್ಣ ಬಳಿದು, ಒದ್ದೆ ಕಾಗದ ಹಾಸಿ, ಬಿದಿರಿನ ಪೊರೆ ಸುತ್ತಿದ ಬಾರೆನ್ ಎಂಬ ಬಿಲ್ಲೆಯಿಂದ ಹಿಂಬದಿಯನ್ನು ತಿಕ್ಕುತ್ತಾರೆ. ಅಷ್ಟು ತಿಕ್ಕಿದರೂ ಹರಿಯದ ಕಾಗದ ಕೋಜೋ ಗಿಡದ ತೊಗಟೆಯ ನಾರಿನದು. ನಮ್ಮ ಹಿಪ್ಪುನೇರಳೆಯ ಬಳಗಕ್ಕೇ ಸೇರಿದ ಗಿಡ ಅದು. ಇನ್ನು ಆ ಮಿನುಗುವ ಹಿನ್ನೆಲೆ. ಅದು ಅಭ್ರಕದ ಪುಡಿ, ನಮ್ಮಲ್ಲಿ ಕಾಗೆಬಂಗಾರ ಎನ್ನುತ್ತೇವಲ್ಲ, ಅದೇ. ದೀಪದ ಎದುರು ಕಾಗದವನ್ನು ಸ್ವಲ್ಪ ಆಚೀಚೆ ಓಲಿಸಿದರೆ ಹಿನ್ನೆಲೆ ಹೊಳೆಯುತ್ತದೆ, ಮುಖ ಮುಂದಕ್ಕೆ ಬರುತ್ತದೆ. ಎಣ್ಣೆ ದೀಪದ ಕಾಲದಲ್ಲಿ ಆ ಹೊಳಪು ಹೇಗಿದ್ದಿರಬಹುದು ಅಂತ ನಾನು ಎಷ್ಟೋ ಸಲ ಊಹಿಸಿದ್ದೇನೆ. ಪರದೆಯ ಮೇಲೆ, ಫೋಟೋದಲ್ಲಿ ಅದು ಬೂದು ಬಣ್ಣವಾಗಿ ಸತ್ತುಹೋಗುತ್ತದೆ.

ಈ ಎಲ್ಲರನ್ನೂ ಸೇರಿಸಿ, ದುಡ್ಡು ಹಾಕಿ, ಮಾರುವವನು ಪ್ರಕಾಶಕ. ಶರಾಕುವಿನ ಪ್ರಕಾಶಕ ತ್ಸುತಾಯ ಜೂಜಬುರೋ. ಧೈರ್ಯದ ಮನುಷ್ಯ, ಉತಮಾರೊನಂಥ ಚಿತ್ರಕಾರನನ್ನು ಬೆಳೆಸಿದವನು. ಆದರೆ ಆ ಹೊತ್ತಿಗೆ ಪೆಟ್ಟು ತಿಂದಿದ್ದ. ಸರ್ಕಾರದ ಕಟ್ಟುಪಾಡು ಬಿಗಿಯಾದ ಕಾಲ ಅದು. 1791ರಲ್ಲಿ ಸಾಂತೋ ಕ್ಯೋದೆನ್ ಬರೆದ ಪುಸ್ತಕಗಳನ್ನು ಅಚ್ಚು ಹಾಕಿದ್ದಕ್ಕೆ ಇವನ ಅರ್ಧ ಆಸ್ತಿ ಹೋಯಿತು. ಬರೆದವನ ಕೈಗೆ ಐವತ್ತು ದಿನ ಬೇಡಿ ಬಿತ್ತು. ರಂಗಮಂದಿರಗಳ ಸ್ಥಿತಿಯೂ ಹಾಗೇ. ಎದೊದ ಮೂರು ದೊಡ್ಡ ರಂಗಮಂದಿರಗಳೂ ಸಾಲದಲ್ಲಿ ಮುಳುಗಿ ಬಾಗಿಲು ಹಾಕಿದ್ದವು. ಅವುಗಳ ಬದಲಿಗೆ ಮಿಯಾಕೊ, ಕಿರಿ, ಕವರಾಜಾಕಿ ಎಂಬ ಬದಲಿ ತಂಡಗಳು ಆಡುತ್ತಿದ್ದವು. ಇಂಥ ಹೊತ್ತಿನಲ್ಲಿ ತ್ಸುತಾಯ ಏನು ಮಾಡಿದ ನೋಡಿ. ಹೆಸರೇ ಇಲ್ಲದ ಒಬ್ಬ ಚಿತ್ರಕಾರನ 28 ಮುಖಗಳನ್ನು, ಎಲ್ಲವನ್ನೂ ದೊಡ್ಡ ಅಳತೆಯಲ್ಲಿ, ಎಲ್ಲದಕ್ಕೂ ಅಭ್ರಕದ ಹಿನ್ನೆಲೆ ಹಾಕಿಸಿ, ಒಟ್ಟಿಗೇ ಹೊರತಂದ.

ಆ 28ರಲ್ಲಿ ಕೆಲವನ್ನು ನೋಡೋಣ.

ಇದು ಎರಡನೆಯ ಸೆಗಾವ ತೋಮಿಸಬುರೊ. ಯಾದೊರಿಗಿ ಎಂಬ ಸಮುರಾಯ್ ಹೆಂಡತಿಯ ಪಾತ್ರ. ತಲೆಯಲಂಕಾರ ಸರಿ, ಉಡುಪು ಸರಿ. ಆದರೆ ಉದ್ದ ಮುಖ, ಬಿಗಿ ಗಲ್ಲ, ಸೀಳಿದಂಥ ಕಣ್ಣು. ಇದು ಗಂಡಸಿನ ಮುಖ ಅಂತ ಶರಾಕು ಮುಚ್ಚಿಡುವುದಿಲ್ಲ. ಈ ನಟನಿಗೆ ಊರಿನಲ್ಲಿ "ಹಗೆಯ ತೋಮಿ" ಅಂತ ಅಡ್ಡಹೆಸರಿತ್ತು. ಚಿತ್ರ ನೋಡಿದರೆ ಆ ಹೆಸರು ಯಾಕೆ ಬಂತು ಅಂತ ಕೇಳಬೇಕಾಗಿಲ್ಲ. ಪಕ್ಕದಲ್ಲಿರುವುದು ನಾಲ್ಕನೆಯ ಇವಾಯ್ ಹನ್‌ಶಿರೊ. ಈತನೂ ಒನ್ನಗತ. ದುಂಡು ಕೆನ್ನೆ, ಮೃದು ಕಣ್ಣು. ಶಿಗೆನೊಯಿ ಎಂಬ ದಾದಿಯ ಪಾತ್ರ. ಇಬ್ಬರೂ ಗಂಡಸರು, ಇಬ್ಬರೂ ಹೆಣ್ಣಾಗಿದ್ದಾರೆ. ಆದರೆ ಇಬ್ಬರು ಹೆಣ್ಣಾಗುವ ಬಗೆ ಬೇರೆ. ಬೇರೆ ಚಿತ್ರಕಾರರು ಒನ್ನಗತರನ್ನು ಚೆಲುವೆಯರಂತೆ ಬರೆಯುತ್ತಿದ್ದರು. ಅಭಿಮಾನಿಗೆ ಬೇಕಿದ್ದದ್ದೂ ಅದೇ. ಶರಾಕು ಮಾತ್ರ ಹೆಣ್ಣಾಗಲು ಒಂದು ಗಂಡು ಮುಖ ಪಡುವ ಶ್ರಮವನ್ನು ಬರೆದ. ನನಗೆ ಇದರಲ್ಲಿ ಗೇಲಿ ಕಾಣುವುದಿಲ್ಲ. ಆ ಶ್ರಮವನ್ನು ಕಂಡವನ ಗೌರವ ಕಾಣುತ್ತದೆ.

ಈ ಜೋಡಿಯನ್ನು ನೋಡಿ. ಒಬ್ಬ ಒಣಕಲು, ಒಬ್ಬ ದಪ್ಪ. ನಕಜಿಮ ವದಯೆಮೊನ್ ಮತ್ತು ನಕಮುರ ಕೊನೊಜೊ. ತೆಳ್ಳಗಿರುವವನ ಪಾತ್ರದ ಹೆಸರಿನಲ್ಲೇ ಒಣಮೀನು ಇದೆ. ಇಬ್ಬರೂ ಸಣ್ಣ ಪಾತ್ರ ಮಾಡುವ ನಟರು. ಇಂಥವರ ಚಿತ್ರವನ್ನು ಯಾರು ಕೊಳ್ಳುತ್ತಾರೆ? ಆದರೂ ಇವರಿಗೂ ಅದೇ ಅಭ್ರಕದ ಹಿನ್ನೆಲೆ, ಅದೇ ದೊಡ್ಡ ಕಾಗದ. ಈ 28ರಲ್ಲಿ ನನಗೆ ತುಂಬಾ ಪ್ರೀತಿಯ ಹಾಳೆ ಯಾವುದು ಅಂತ ಕೇಳಿದರೆ ಇದನ್ನೇ ತೋರಿಸುತ್ತೇನೆ.

ಇನ್ನೊಂದು. ಇಚಿಕಾವ ಎಬಿಜೊ. ತೋಳಿನ ಮೇಲೆ ಒಂದರೊಳಗೊಂದು ಮೂರು ಚೌಕ, ಅದು ದಂಜೂರೊ ಮನೆತನದ ಗುರುತು. ಐದನೆಯ ದಂಜೂರೊ ಆಗಿದ್ದವನು ಇವನೇ. 1791ರಲ್ಲಿ ಆ ಹೆಸರನ್ನು ಮಗನಿಗೆ ಬಿಟ್ಟುಕೊಟ್ಟು ಎಬಿಜೊ ಆದ. ಚಿತ್ರ ಬರೆದಾಗ ವಯಸ್ಸು ಐವತ್ತು ದಾಟಿತ್ತು. ದೊಡ್ಡ ಮೂಗು, ಕಣ್ಣಿನ ಸುತ್ತ ಸುಕ್ಕು. ಪಾತ್ರದ ಹೆಸರು ತಕೆಮುರ ಸದಾನೊಶಿನ್. ಮಗಳು ಮಾಡಿದ ತಪ್ಪನ್ನು ತನ್ನ ತಲೆಗೆ ತೆಗೆದುಕೊಂಡು ಪ್ರಾಣ ಬಿಡುವ ಅಪ್ಪ. ಆ ಮಗಳೇ ನಾವು ಈಗ ನೋಡಿದ ಶಿಗೆನೊಯಿ. ಈ ಸದಾನೊಶಿನ್ ಕಸುಬಿನಿಂದ ನೋ ಎಂಬ ಮುಖವಾಡದ ನಾಟಕದ ಕಲಾವಿದ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಜನ ಏನಂದರು? ಎದೊದ ಬರಹಗಾರ ಓತ ನಂಪೊ ಚಿತ್ರಕಾರರ ಬಗ್ಗೆ ಮಾಡಿಟ್ಟ ಟಿಪ್ಪಣಿಯೊಂದು ಉಳಿದಿದೆ. ಅದರ ಸಾರ ಇಷ್ಟು: ಈತ ಕಬುಕಿ ನಟರ ಮುಖ ಬರೆದ, ಅತಿಯಾಗಿ ನಿಜ ಬರೆಯಲು ಹೋಗಿ ಬರೆಯಬಾರದ ಹಾಗೆ ಬರೆದ, ಹಾಗಾಗಿ ಬಹುಕಾಲ ಉಳಿಯಲಿಲ್ಲ, ಒಂದೆರಡು ವರ್ಷದಲ್ಲಿ ನಿಂತುಹೋದ. ಎರಡೇ ಸಾಲಿನಲ್ಲಿ ಒಬ್ಬ ಕಲಾವಿದನ ಗೆಲುವೂ ಸೋಲೂ ಬಂದುಬಿಟ್ಟಿವೆ.

ಅದೇ ವರ್ಷ ಉತಗಾವ ತೊಯೊಕುನಿ ಎಂಬ ಯುವಕ ಬೇರೊಬ್ಬ ಪ್ರಕಾಶಕನಿಗೆ ನಟರ ಚಿತ್ರಮಾಲೆ ಶುರುಮಾಡಿದ. ಅವನ ನಟರು ತಲೆಯಿಂದ ಕಾಲಿನವರೆಗೆ ನಿಂತಿದ್ದಾರೆ, ನೀಳವಾಗಿದ್ದಾರೆ, ನೋಡಲು ಚೆಂದ. ಊರು ಅವನ ಕಡೆ ಹೋಯಿತು. ತೊಯೊಕುನಿಯನ್ನು ಸುಮ್ಮನೆ ಅಗ್ಗದವನು ಅಂತ ಬದಿಗಿಡುವುದು ನ್ಯಾಯವಲ್ಲ. ಅವನ ಗೆರೆಯಲ್ಲಿ ರಂಗದ ಗತ್ತು ಇದೆ. ನಾಟಕ ನೋಡಿ ಬಂದವನ ಮನಸ್ಸಿನಲ್ಲಿ ಉಳಿಯುವ ನಟ ಅವನದು. ಒಂದೆರಡು ಬಟ್ಟಲು ನೂಡಲ್ಸಿನ ಬೆಲೆಗೆ ನೀವು ಒಂದು ಚಿತ್ರ ಕೊಳ್ಳುತ್ತೀರಿ ಅನ್ನಿ. ನಿಮ್ಮ ಮೆಚ್ಚಿನ ನಾಯಕಿಯ ಗಲ್ಲದಲ್ಲಿ ಗಂಡಸಿನ ಎಲುಬು ಕಾಣುವ ಚಿತ್ರ ಬೇಕೋ, ನೀವು ರಂಗದಲ್ಲಿ ಕಂಡ ಚೆಲುವೆ ಬೇಕೋ?

ಶರಾಕು ಕೂಡ ಬದಲಾದ. ಏಳನೇ ತಿಂಗಳಿನಿಂದ ಪೂರ್ತಿ ಮೈ ಬರೆಯತೊಡಗಿದ. ಹಾಳೆ ಚಿಕ್ಕದಾಯಿತು. ಚಳಿಗಾಲದ ಹೊತ್ತಿಗೆ ಸಂಖ್ಯೆ ಜಾಸ್ತಿ, ಕಸುವು ಕಡಿಮೆ. ಕೊನೆಯ ಹಾಳೆಗಳನ್ನು ನೋಡಿದರೆ ಬೇರೆಯವನೇ ಬರೆದ ಹಾಗಿದೆ. ಅವುಗಳನ್ನು ಇಲ್ಲಿ ತೋರಿಸುವ ಮನಸ್ಸಾಗಲಿಲ್ಲ. 1797ರಲ್ಲಿ ತ್ಸುತಾಯನೂ ತೀರಿಕೊಂಡ.

ಶರಾಕು ಯಾರು? ಹೊಕುಸಾಯ್ ಅಂದವರಿದ್ದಾರೆ, ಉತಮಾರೊ ಅಂದವರಿದ್ದಾರೆ, ಸ್ವತಃ ತ್ಸುತಾಯನೇ ಅಂದವರೂ ಇದ್ದಾರೆ. ಆದರೆ 1844ರಲ್ಲೇ ಸಾಯಿತೊ ಗೆಶ್ಶಿನ್ ಎಂಬ ವಿದ್ವಾಂಸ ನೇರವಾಗಿ ಬರೆದಿದ್ದಾನೆ: ಶರಾಕು ಅಂದರೆ ಸಾಯಿತೊ ಜೂರೊಬೆಯಿ, ಎದೊದ ಹತ್ಚೋಬೊರಿಯಲ್ಲಿದ್ದವನು, ಅವಾ ಪ್ರಾಂತದ ದೊರೆಯ ಬಳಿ ನೋ ಕಲಾವಿದ. ಇಂಥ ಮನುಷ್ಯ ನಿಜಕ್ಕೂ ಇದ್ದ ಎನ್ನುವುದಕ್ಕೆ ದಾಖಲೆಗಳು ಸಿಕ್ಕಿವೆ. ಒಂದು ದೇವಾಲಯದ ಮರಣದ ಪಟ್ಟಿಯ ಪ್ರಕಾರ ಆತ 1820ರಲ್ಲಿ 58ನೇ ವಯಸ್ಸಿನಲ್ಲಿ ತೀರಿಕೊಂಡ. ಇವತ್ತು ಹೆಚ್ಚಿನವರು ಒಪ್ಪುವುದು ಈ ಹೆಸರನ್ನೇ. ನಾನೂ ಒಪ್ಪುತ್ತೇನೆ.

ಈಗ ಎಬಿಜೊನ ಚಿತ್ರಕ್ಕೆ ಹಿಂತಿರುಗಿ. ನೋ ದೊರೆಗಳ ಅಂಗಳದ ಕಲೆ. ಕಬುಕಿ ಬೀದಿಯ ಜನರ ಕಲೆ. ದೊರೆಯ ಸಂಬಳ ತಿನ್ನುವ ನೋ ಕಲಾವಿದ ಕಬುಕಿಯ ಹತ್ತಿರ ಕಾಣಿಸಿಕೊಳ್ಳುವ ಹಾಗಿರಲಿಲ್ಲ. ಅಂಥವನೊಬ್ಬ ಹೆಸರು ಮರೆಸಿ ಹೋಗಿ, ಕಬುಕಿಯ ಹಿರಿಯ ನಟ ತನ್ನ ಕಸುಬಿನವನ ಪಾತ್ರ ಮಾಡುವುದನ್ನು ಕುಳಿತು ನೋಡಿದ. ಆ ಮುಖವನ್ನು ಬರೆದ. ನೋ ನಾಟಕದ ಮುಖ್ಯ ಪಾತ್ರಧಾರಿ ಹೆಚ್ಚಾಗಿ ಮರದ ಮುಖವಾಡ ಹಾಕಿ ಆಡುತ್ತಾನೆ. ಅದನ್ನು ಸ್ವಲ್ಪ ಎತ್ತಿದರೆ ನಗು, ಸ್ವಲ್ಪ ತಗ್ಗಿಸಿದರೆ ದುಃಖ. ಮುಖವಾಡ ಎಲ್ಲಿ ಮುಗಿಯುತ್ತದೆ, ಅದರ ಹಿಂದೆ ಮುದಿ ಗಂಡಸಿನ ಗದ್ದ ಎಲ್ಲಿ ಕಾಣುತ್ತದೆ ಎನ್ನುವುದು ನೋ ರಂಗದಲ್ಲಿ ಇರುವವನಿಗೆ ದಿನದ ಅನುಭವ. ಶರಾಕುವಿನ ಕಣ್ಣು ಅಲ್ಲಿ ಪಳಗಿದ್ದು ಅಂತ ನಾನು ನಂಬುತ್ತೇನೆ. ಇದು ನನ್ನ ಓದು. ನೀವು ಬೇರೆ ಥರ ಓದಬಹುದು.

ಮುಂದಿನ ಕಥೆ ಬೇಗ ಹೇಳುತ್ತೇನೆ. ತೊಯೊಕುನಿಯ ಶಿಷ್ಯರು ಹತ್ತೊಂಬತ್ತನೇ ಶತಮಾನವನ್ನೇ ಆಳಿದರು. 1842ರಲ್ಲಿ ಸರ್ಕಾರ ನಟರ ಚಿತ್ರಗಳನ್ನೇ ನಿಷೇಧಿಸಿತು. ಕೆಲವು ವರ್ಷಗಳ ಮೇಲೆ ಕುನಿಯೊಶಿ ಎಂಬ ಶಿಷ್ಯ, ಉಗ್ರಾಣದ ಗೋಡೆಯ ಮೇಲೆ ಯಾರೋ ಮೊಳೆಯಿಂದ ಗೀಚಿದ ಹಾಗೆ ಒಂದಷ್ಟು ಮುಖಗಳನ್ನು ಬರೆದ. ನಡುವೆ ಕುಣಿಯುವ ಬೆಕ್ಕು ಬೇರೆ. ಗೀಚುಬರಹ ಅಂತ ಹೇಳಿದ, ಆದರೆ ಯಾವ ಮೂಗು ಯಾವ ನಟನದು ಅಂತ ಎದೊದ ಮಕ್ಕಳಿಗೂ ಗೊತ್ತಿತ್ತು. 1854ರಲ್ಲಿ ಎಂಟನೆಯ ದಂಜೂರೊ ಒಸಾಕಾದಲ್ಲಿ ಆತ್ಮಹತ್ಯೆ ಮಾಡಿಕೊಂಡಾಗ ನೂರಕ್ಕೂ ಹೆಚ್ಚು ಬಗೆಯ ಮರಣಚಿತ್ರಗಳು ಅಚ್ಚಾದವು. ಆ ನಟನ ಮೇಲೆ ಊರಿಗೆ ಎಂಥ ಪ್ರೀತಿ ಇತ್ತು ಅಂತ ಯೋಚಿಸಿ.

ಶರಾಕುವಿಗೆ ದೊಡ್ಡ ಹೆಸರು ಬಂದದ್ದು ಹೊರಗಿನಿಂದ. 1910ರಲ್ಲಿ ಜರ್ಮನಿಯ ಯೂಲಿಯಸ್ ಕುರ್ಟ್ ಅವನ ಮೇಲೆ ಒಂದು ಪುಸ್ತಕ ಬರೆದ. ಆಮೇಲೆ ಜಪಾನಿನಲ್ಲೂ ಹುಡುಕಾಟ ಜೋರಾಯಿತು.

ಮಾತು ಮುಗಿದ ಮೇಲೆ ಎರಡು ಪ್ರಶ್ನೆಗಳು ಬಂದವು. ಅವನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬ ಕಾಲೇಜು ಹುಡುಗಿ ಕೇಳಿದಳು: "ಸಾರ್, ಎದೊಬೆಯಿಯ ಕೈಗಳು ಮುಖಕ್ಕೆ ಹೋಲಿಸಿದರೆ ತೀರಾ ಚಿಕ್ಕದಾಗಿವೆ. ಅವನಿಗೆ ಕೈ ಬರೆಯಲು ಬರುತ್ತಿರಲಿಲ್ವಾ?" ಒಳ್ಳೆಯ ಪ್ರಶ್ನೆ. ಕೈಗಳು ಚಿಕ್ಕವು, ಎಲುಬಿನ ಲೆಕ್ಕಕ್ಕೆ ಸಿಗುವುದಿಲ್ಲ, ನಿಜ. ನಾನು ಎದ್ದು ಹೋಗಿ ಪರದೆಯ ಮೇಲೆ ಆ ಕೈಗಳಿಗೆ ಒಂದು ಹಾಳೆ ಅಡ್ಡ ಹಿಡಿದೆ. ಮುಖ ತಟ್ಟನೆ ಮಂಕಾಯಿತು. ಬರೀ ಸಿಡುಕಿನ ಮನುಷ್ಯ ಉಳಿದ. ಹಾಳೆ ತೆಗೆದರೆ ಮತ್ತೆ ಕಳ್ಳ ಬಂದ. ಆ ಕೈಗಳು ಹಣ ಕೀಳಲು ಬಂದವು. ಆದರೆ ಅವುಗಳಲ್ಲಿ ಹೆದರಿಕೆಯೂ ಇದೆ. ಅಳತೆಯಲ್ಲಿ ಸರಿಯಾದ ಕೈ ಬರೆದಿದ್ದರೆ ಆ ಹೆದರಿಕೆ ಬರುತ್ತಿತ್ತೋ ಇಲ್ಲವೋ.

ಹಿರಿಯರೊಬ್ಬರು ಕೇಳಿದರು: "ಇದರ ಅಸಲು ಎಲ್ಲಿ ನೋಡಬಹುದು?" ಟೋಕಿಯೋ, ನ್ಯೂಯಾರ್ಕ್, ಚಿಕಾಗೋ, ಲಂಡನ್ನಿನ ದೊಡ್ಡ ಮ್ಯೂಸಿಯಂಗಳಲ್ಲಿ ಶರಾಕುವಿನ ಹಾಳೆಗಳಿವೆ. ಆದರೆ ಯಾವಾಗಲೂ ಗೋಡೆಯ ಮೇಲೆ ಇರುವುದಿಲ್ಲ. ಹೂವು, ಸೊಪ್ಪಿನಿಂದ ತೆಗೆದ ಬಣ್ಣಗಳು ಬೆಳಕಿಗೆ ಮಾಸುತ್ತವೆ. ಬಾಸ್ಟನ್ ಮ್ಯೂಸಿಯಂಗೆ 1921ರಲ್ಲಿ ಸ್ಪಾಲ್ಡಿಂಗ್ ಸಹೋದರರು ತಮ್ಮ ಅಚ್ಚುಚಿತ್ರಗಳ ಸಂಗ್ರಹವನ್ನೇ ಕೊಟ್ಟರು, ಒಂದು ಷರತ್ತು ಹಾಕಿ: ಇವನ್ನು ಎಂದೂ ಪ್ರದರ್ಶನಕ್ಕೆ ಇಡಬಾರದು. ಹಾಗಾಗಿ ಆ ಹಾಳೆಗಳ ಬಣ್ಣ ಇನ್ನೂ ತಾಜಾ ಇದೆ.

ನಮಗೆ ಇನ್ನೊಂದು ದಾರಿ ಇದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಹಾಳೆಗಳ ದೊಡ್ಡ ಫೋಟೋಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿದೆ. ಒನಿಜಿಯ ಚಿತ್ರ ಇಳಿಸಿಕೊಳ್ಳಿ. ಪೂರ್ತಿ ಹಿಗ್ಗಿಸಿ. ಕಣ್ಣು, ಕೈ ಎಲ್ಲ ನೋಡಿಯಾದ ಮೇಲೆ ಹಣೆಯ ಅಂಚಿಗೆ, ಕೂದಲು ಶುರುವಾಗುವ ಜಾಗಕ್ಕೆ ಬನ್ನಿ. ಒಂದೊಂದು ಎಳೆಯನ್ನೂ ಮರದಲ್ಲಿ ಉಳಿಸಿ ಕೆತ್ತಿದ್ದಾರೆ. ಹಾಳೆಯ ಮೇಲೆ ಶರಾಕುವಿನ ಸಹಿ ಇದೆ. ಸರ್ಕಾರದ ಒಪ್ಪಿಗೆಯ ಮುದ್ರೆ ಇದೆ. ತ್ಸುತಾಯನ ಅಂಗಡಿಯ ಗುರುತು ಇದೆ, ಫುಜಿ ಬೆಟ್ಟದ ಕೆಳಗೆ ಒಂದು ಬಳ್ಳಿಯ ಎಲೆ. ಆ ಕೂದಲು ಕೆತ್ತಿದವನ ಹೆಸರು ಎಲ್ಲೂ ಇಲ್ಲ.